ನಾಲ್ವರು ಕೂತರೆ ಇಪ್ಪತ್ತೆಂಟು

ನಾಲ್ಕು ಜನ ಒಟ್ಟಿಗೆ ಕೂತು ಇಸ್ಪೀಟಿನ ಕಟ್ಟು ಬಿಚ್ಚಿದರೆ ಹೆಚ್ಚಿನ ಮನೆಗಳಲ್ಲಿ ರಮ್ಮಿಯೇ ಶುರುವಾಗುತ್ತದೆ. ರಮ್ಮಿ ಒಳ್ಳೆಯ ಆಟವೇ. ಆದರೆ ಅದರಲ್ಲಿ ಪ್ರತಿಯೊಬ್ಬರೂ ತಮ್ಮ 13 ಎಲೆಗಳೊಳಗೆ ಮುಖ ಹುದುಗಿಸಿಕೊಂಡು ಕೂತಿರುತ್ತಾರೆ, ಎದುರಿಗಿರುವವರು ಯಾರಾದರೂ ಆದೀತು. ಸರಿಯಾಗಿ ನಾಲ್ಕೇ ಜನ, ಅದೂ ಒಬ್ಬರನ್ನೊಬ್ಬರು ಚೆನ್ನಾಗಿ ಬಲ್ಲವರು ಇದ್ದಾಗ ಆಡಬೇಕಾದದ್ದು ಇಪ್ಪತ್ತೆಂಟು. ಕೇರಳದಲ್ಲಿ ಮನೆಮನೆಯ ಆಟ ಇದು, ನಮ್ಮ ಕರಾವಳಿ ಮತ್ತು ಕೊಡಗಿನ ಕಡೆಯೂ ಆಡುವವರಿದ್ದಾರೆ. ಎದುರುಬದುರು ಕೂತ ಇಬ್ಬರು ಒಂದು ಜೋಡಿ. ತುರುಪು, ಅಂದರೆ ಉಳಿದ ಜಾತಿಗಳನ್ನೆಲ್ಲ ಹೊಡೆಯಬಲ್ಲ ಜಾತಿ, ಯಾವುದೆಂದು ಒಬ್ಬರಿಗೆ ಮಾತ್ರ ಗೊತ್ತು, ಅದು ಮೇಜಿನ ಮೇಲೆ ಮುಖ ಕೆಳಗಾಗಿ ಮಲಗಿರುತ್ತದೆ. ಅದನ್ನು ಊಹಿಸುವುದು, ಅಡಗಿಸುವುದು, ಸರಿಯಾದ ಹೊತ್ತಿಗೆ ಎಬ್ಬಿಸುವುದು, ಇಡೀ ಆಟ ಇಷ್ಟೇ.

52 ಎಲೆಗಳ ಕಟ್ಟಿನಿಂದ 2ರಿಂದ 6ರವರೆಗಿನ 20 ಎಲೆ ತೆಗೆದಿಡಿ. ಉಳಿದ 32ರಲ್ಲಿ ಆಟ. ಎಲೆಗಳ ಬಲ ನಾವು ರೂಢಿಯಲ್ಲಿ ಎಣಿಸುವಂತಲ್ಲ: ಗುಲಾಮ ಎಲ್ಲಕ್ಕಿಂತ ಮೇಲೆ, ಆಮೇಲೆ 9, ಎಕ್ಕ, 10, ರಾಜ, ರಾಣಿ, 8, 7. ಗುಲಾಮನಿಗೆ 3 ಅಂಕ, 9ಕ್ಕೆ 2, ಎಕ್ಕಕ್ಕೆ 1, ಹತ್ತಕ್ಕೆ 1, ಉಳಿದವಕ್ಕೆ ಏನೂ ಇಲ್ಲ. ಒಂದು ಜಾತಿಗೆ 7 ಅಂಕ, ಇಸ್ಪೀಟ್, ಆಟೀನ್, ಡೈಮನ್, ಕ್ಲಾವರ್ ಎಂಬ ನಾಲ್ಕು ಜಾತಿಗೆ 28. ಹೆಸರು ಬಂದದ್ದು ಅಲ್ಲಿಂದ. ಹೊಸಬರು ಮೊದಲ ಅರ್ಧ ಗಂಟೆ ರಾಜನನ್ನು ಎಕ್ಕಕ್ಕಿಂತ, ಎಕ್ಕವನ್ನು 9ಕ್ಕಿಂತ ದೊಡ್ಡದೆಂದುಕೊಂಡು ಎಲೆ ಹಾಳು ಮಾಡುತ್ತಾರೆ. "ಗುಲಾಮ, ಒಂಬತ್ತು, ಎಕ್ಕ, ಹತ್ತು" ಎಂದು ಒಂದು ಚೀಟಿಯಲ್ಲಿ ಬರೆದು ಮೇಜಿನ ನಡುವೆ ಇಟ್ಟುಬಿಡಿ. ಎರಡನೇ ದಿನಕ್ಕೆ ಅದು ಬೇಕಾಗುವುದಿಲ್ಲ.

(ಗುಲಾಮ ಮತ್ತು 9 ಮೇಲೇರುವ ಈ ಪದ್ಧತಿ ನಮ್ಮಲ್ಲಿ ಮಾತ್ರ ಇರುವುದಲ್ಲ. ತಮಿಳುನಾಡು ಮತ್ತು ಶ್ರೀಲಂಕಾದ 304 ಆಟದಲ್ಲಿ ಗುಲಾಮನಿಗೆ 30, ಒಂಬತ್ತಕ್ಕೆ 20. ನೆದರ್ಲೆಂಡ್ಸ್‌ನ ಕ್ಲಾವರ್‌ಯಾಸ್ ಆಟದಲ್ಲಿ ತುರುಪಿನ ಗುಲಾಮನಿಗೆ 20, ಒಂಬತ್ತಕ್ಕೆ 14. ಬಾಂಗ್ಲಾದೇಶ, ನೇಪಾಳಗಳಲ್ಲಿ ಇದೇ ಆಟ 29 ಎಂಬ ಹೆಸರಿನಲ್ಲಿ ನಡೆಯುತ್ತದೆ.)

ಹಂಚುವುದೂ ಆಡುವುದೂ ಬಲಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ. ಹಂಚುವವರು ಮೊದಲು ತಮ್ಮ ಬಲಗಡೆಯವರಿಂದ ಶುರುಮಾಡಿ ಎಲ್ಲರಿಗೂ ನಾಲ್ಕು ನಾಲ್ಕು ಎಲೆ ಹಾಕಿ ನಿಲ್ಲಬೇಕು. ಈಗ ಕೂಗು, ಅಂದರೆ ನಮ್ಮ ಜೋಡಿ ಗೆದ್ದ ಸುತ್ತುಗಳಲ್ಲಿ ಇಷ್ಟು ಅಂಕ ಗಳಿಸುತ್ತದೆ ಎಂದು ಹೇಳುವುದು. ಬಲಗಡೆಯವರು ಕನಿಷ್ಠ 14 ಕೂಗಲೇಬೇಕು, ಅವರಿಗೆ ಪಾಸ್ ಇಲ್ಲ. ಆಮೇಲಿನವರು ಏರಿಸಬಹುದು ಅಥವಾ ಪಾಸ್ ಅನ್ನಬಹುದು. ಉಳಿದ ಮೂವರೂ ಪಾಸ್ ಅನ್ನುವವರೆಗೆ ಕೂಗು ಸುತ್ತುತ್ತಲೇ ಇರುತ್ತದೆ. ಕೊನೆಗೆ ಉಳಿದವರು ತಮ್ಮ ನಾಲ್ಕು ಎಲೆಗಳಲ್ಲಿ ಒಂದನ್ನು ಮುಖ ಕೆಳಗಾಗಿ ಮುಂದೆ ಇಡಬೇಕು. ಆ ಎಲೆಯ ಜಾತಿಯೇ ತುರುಪು. ಆಮೇಲೆ ಇನ್ನೂ ನಾಲ್ಕು ನಾಲ್ಕು ಎಲೆ. ಎಲ್ಲರ ಕೈಯಲ್ಲೂ 8 ಎಲೆ, ಕೂಗಿದವರ ಕೈಯಲ್ಲಿ 7, ಮೇಜಿನ ಮೇಲೆ 1.

ಕನಿಷ್ಠ 14 ಏಕೆ ಎಂದು ಒಮ್ಮೆ ಲೆಕ್ಕ ಹಾಕಿದರೆ ಕೂಗುವ ಧೈರ್ಯ ತಾನಾಗಿ ಬರುತ್ತದೆ. 28ರಲ್ಲಿ ಅರ್ಧ 14. ಎಲೆಗಳು ಸಮನಾಗಿ ಬಿದ್ದರೂ ಎರಡು ಜೋಡಿಗೂ 14 ಬರುತ್ತದೆ, ಸಮವಾದಾಗ ಕೂಗಿದವರದೇ ಗೆಲುವು. ಮೇಲಿಂದ ತುರುಪು ಆರಿಸುವ ಹಕ್ಕೂ ಅವರದು. ಹಾಗಾಗಿ ಏನೂ ಇಲ್ಲದ ಕೈಯಲ್ಲೂ 14 ಅಂಥ ದೊಡ್ಡ ಅಪಾಯವಲ್ಲ. ನಿಜವಾದ ತೂಕ ಶುರುವಾಗುವುದು 17ರ ಮೇಲೆ. ನಾಲ್ಕು ಎಲೆ ನೋಡಿ ಕೂಗುವಾಗ ಅಂಕ ಎಣಿಸುವುದಕ್ಕಿಂತ ಒಂದೇ ಜಾತಿಯಲ್ಲಿ ಎಷ್ಟು ಎಲೆ ಇದೆ ಎಂದು ನೋಡಿ. ಬೇರೆ ಬೇರೆ ಜಾತಿಯ ಎರಡು ಗುಲಾಮ ಮತ್ತು ಎರಡು ಪುಡಿ ಎಲೆ ಇದ್ದರೆ ಅಂಕ 6 ಆಯಿತು, ಆದರೆ ತುರುಪು ಮಾಡಲು ಉದ್ದ ಜಾತಿಯೇ ಇಲ್ಲ. ಅದೇ 6 ಅಂಕ ಇಸ್ಪೀಟ್ ಗುಲಾಮ, ಇಸ್ಪೀಟ್ 9, ಇಸ್ಪೀಟ್ 7, ಆಟೀನ್ ಎಕ್ಕ ಎಂಬ ರೂಪದಲ್ಲಿ ಬಂದರೆ 16 ಹೇಳಿ, 17ರವರೆಗೆ ಹೋಗಿ. ಒಂದು ಗುಲಾಮ ಮತ್ತು ಅದೇ ಜಾತಿಯ ಇನ್ನೊಂದು ಎಲೆ ಇದ್ದರೆ 15 ಸಾಕು. ಎದುರಿಗಿರುವ ಜೊತೆಗಾರರು ಆಗಲೇ 16 ಕೂಗಿದ್ದರೆ ಅವರ ಮೇಲೆ ನೀವು ಏರಿಸಲು ಅವರಿಗಿಂತ ಗಟ್ಟಿಯಾದ ಜಾತಿ ನಿಮ್ಮ ಬಳಿ ಇರಬೇಕು. ಬರೀ ಒಳ್ಳೆಯ ಅಂಕಗಳಿವೆ ಎಂದು ಏರಿಸುವುದು ಈ ಆಟದ ಅತಿ ಸಾಮಾನ್ಯ ತಪ್ಪು. ಆ ಅಂಕಗಳು ಹೇಗೂ ಜೋಡಿಯ ಲೆಕ್ಕಕ್ಕೇ ಬರುತ್ತವೆ.

ಇನ್ನು ಆಡುವ ನಿಯಮ. ಹಂಚಿದವರ ಬಲಗಡೆಯವರು ಮೊದಲ ಎಲೆ ಇಳಿಸುತ್ತಾರೆ. ಇಳಿದ ಜಾತಿಯ ಎಲೆ ಕೈಯಲ್ಲಿದ್ದರೆ ಅದನ್ನೇ ಹಾಕಬೇಕು. ನಾಲ್ಕು ಎಲೆ ಬಿದ್ದ ಮೇಲೆ ಆ ಜಾತಿಯ ದೊಡ್ಡ ಎಲೆ ಹಾಕಿದವರು ಸುತ್ತು ಗೆದ್ದು ಮುಂದಿನ ಎಲೆ ಇಳಿಸುತ್ತಾರೆ. ಇಳಿದ ಜಾತಿ ಕೈಯಲ್ಲಿ ಇಲ್ಲದಿದ್ದರೆ ಎರಡು ದಾರಿ: ಯಾವುದೋ ಒಂದು ಎಲೆ ಬಿಸಾಡಬಹುದು, ಇಲ್ಲವೇ "ತುರುಪು ತೋರಿಸಿ" ಎಂದು ಕೇಳಬಹುದು. ಕೇಳಿದಾಗ ಕೂಗಿದವರು ಆ ಎಲೆಯನ್ನು ಎಲ್ಲರಿಗೂ ತೋರಿಸಿ ಕೈಗೆ ತೆಗೆದುಕೊಳ್ಳುತ್ತಾರೆ. ಕೇಳಿದವರ ಬಳಿ ತುರುಪು ಇದ್ದರೆ ಆ ಸುತ್ತಿಗೆ ಅದನ್ನೇ ಹಾಕಬೇಕು. ತುರುಪು ತೆರೆಯುವ ಮುಂಚೆ ಬಿದ್ದ ಆ ಜಾತಿಯ ಎಲೆಗಳಿಗೆ ತುರುಪಿನ ಬಲ ಇರುವುದಿಲ್ಲ. ಇನ್ನೊಂದು ಮುಖ್ಯ ಕಟ್ಟಳೆ: ತುರುಪು ತೆರೆಯುವವರೆಗೆ ಕೂಗಿದವರು ಆ ಜಾತಿಯನ್ನು ತಾವಾಗಿ ಇಳಿಸುವಂತಿಲ್ಲ, ಕೈಯಲ್ಲಿ ಬೇರೆ ಜಾತಿಯೇ ಉಳಿದಿಲ್ಲದಿದ್ದರೆ ಮಾತ್ರ ವಿನಾಯಿತಿ.

ಈ ಕೊನೆಯ ಕಟ್ಟಳೆಯಲ್ಲೇ ಎದುರಾಳಿಗಳ ಬಲ ಇದೆ. ತುರುಪು ಮುಚ್ಚಿರುವಷ್ಟು ಹೊತ್ತು ಕೂಗಿದವರು ಅದನ್ನು ಇಳಿಸಿ ನಿಮ್ಮ ತುರುಪುಗಳನ್ನು ಹೊರಗೆಳೆಯಲಾರರು. ತೆರೆದ ಮರುಕ್ಷಣ ಎಳೆಯಬಲ್ಲರು. ಹಾಗಾಗಿ ಎದುರು ಜೋಡಿಯಲ್ಲಿದ್ದವರು ಸುತ್ತಿನಲ್ಲಿ ಮೂರು ನಾಲ್ಕು ಅಂಕವಾದರೂ ಬಿದ್ದಿರದೆ ತುರುಪು ಕೇಳಬಾರದು. ಒಂದೂ ಅಂಕವಿಲ್ಲದ ಸುತ್ತಿಗೆ ಆತುರಪಟ್ಟು ಕೇಳಿದರೆ ಅವರಿಗೆ ಬೀಗದ ಕೈ ಕೊಟ್ಟಂತೆ. ಕೂಗಿದವರ ಜೊತೆಗಾರರ ಸ್ಥಿತಿ ಬೇರೆ. ಅವರಿಗೆ ಇಳಿದ ಜಾತಿ ಇಲ್ಲ, ಎದುರಾಳಿಯ ಎಲೆ ಗೆಲ್ಲುತ್ತಿದೆ ಅಂದರೆ ಕೇಳಿಬಿಡುವುದೇ ಸರಿ.

ಮುಚ್ಚಿಡಲು ಯಾವ ಎಲೆ? ಹೊಸಬರು ಗುಲಾಮನನ್ನು ಇಡುತ್ತಾರೆ, ಅದು ಅಲ್ಲಿ ಭದ್ರ ಎಂದುಕೊಂಡು. ಮುಚ್ಚಿಟ್ಟ ಎಲೆಯನ್ನು ತೆರೆಯುವವರೆಗೆ ಆಡುವ ಹಾಗಿಲ್ಲ ಎಂಬುದನ್ನು ಮರೆತಿರುತ್ತಾರೆ. ತುರುಪು ಯಾವುದೆಂದು ತಿಳಿಯದ ಎದುರಾಳಿ ಅದೇ ಜಾತಿಯನ್ನು ಇಳಿಸಿದರೆ ನಿಮ್ಮ ಗುಲಾಮ ಮೇಜಿನ ಮೇಲೆ ಸುಮ್ಮನೆ ಮಲಗಿರುತ್ತಾನೆ, ಅವರ 9 ಸುತ್ತನ್ನು ಹೊತ್ತೊಯ್ಯುತ್ತದೆ. ಆ ಜಾತಿಯ ಅತಿ ಚಿಕ್ಕ ಎಲೆಯನ್ನೇ ಇಡಿ. ಕೆಲವು ಮನೆಗಳಲ್ಲಿ ಒಂದು ಪದ್ಧತಿ ಇದೆ: ಕೂಗಿದವರು ತಾವೇ ತುರುಪು ತೆರೆದರೆ ಆ ಸುತ್ತಿಗೆ ಮುಚ್ಚಿಟ್ಟ ಎಲೆಯನ್ನೇ ಹಾಕಬೇಕು. ಅಲ್ಲಿ 7 ಇಟ್ಟರೆ ನಿಮ್ಮ ನಂತರದವರು 8 ಹಾಕಿ ಹೊಡೆದುಬಿಡಬಹುದು, ಆಗ ನಡುವಿನ ಎಲೆ ಇಡುವುದು ಜಾಣತನ. ಯಾವ ಪದ್ಧತಿ ಎಂದು ಎಲೆ ಹಂಚುವ ಮೊದಲೇ ಕೇಳಿಕೊಳ್ಳಿ.

ಒಂದು ಆಟವನ್ನು ಹತ್ತಿರದಿಂದ ನೋಡೋಣ. ನಾಲ್ವರನ್ನು ದಿಕ್ಕಿನಿಂದ ಕರೆಯುತ್ತೇನೆ. ದಕ್ಷಿಣ ಮತ್ತು ಉತ್ತರ ಒಂದು ಜೋಡಿ, ಪೂರ್ವ ಮತ್ತು ಪಶ್ಚಿಮ ಇನ್ನೊಂದು. ಪಶ್ಚಿಮ ಹಂಚಿದ್ದಾರೆ, ಆದ್ದರಿಂದ ಮೊದಲ ಕೂಗು ದಕ್ಷಿಣದವರದು. ಅವರಿಗೆ ಮೇಲೆ ಹೇಳಿದ ನಾಲ್ಕು ಎಲೆ ಬಂದಿವೆ. 16 ಕೂಗಿದರು, ಉಳಿದವರು ಪಾಸ್. ಇಸ್ಪೀಟ್ 7 ಮುಚ್ಚಿಟ್ಟರು. ಮುಂದಿನ ನಾಲ್ಕು ಎಲೆ: ಆಟೀನ್ 8, ಡೈಮನ್ ಗುಲಾಮ, ಕ್ಲಾವರ್ ರಾಜ, ಕ್ಲಾವರ್ 8.

ಮೊದಲ ಸುತ್ತಿಗೆ ದಕ್ಷಿಣ ಇಳಿಸಿದ್ದು ಒಂಟಿ ಡೈಮನ್ ಗುಲಾಮ. ಪೂರ್ವ 8 ಹಾಕಿದರು, ಉತ್ತರ ತಮ್ಮ 9 ಹಾಕಿದರು, ಪಶ್ಚಿಮ 7. ಗುಲಾಮನ 3, ಒಂಬತ್ತರ 2, ಒಟ್ಟು 5. ಇಲ್ಲಿ ಉತ್ತರದವರ ಬಳಿ ಡೈಮನ್ ರಾಜನೂ ಇತ್ತು. ಅದನ್ನು ಹಾಕಿ 9 ಉಳಿಸಿಕೊಂಡಿದ್ದರೆ ಗುಲಾಮ ಹೋದ ಮೇಲೆ ಅದೇ ದೊಡ್ಡದಾಗುತ್ತಿತ್ತಲ್ಲ ಎನಿಸಬಹುದು. ಆಗುತ್ತಿತ್ತು, ಆದರೆ ಒಂದು ಜಾತಿಗೆ ಇರುವುದೇ 8 ಎಲೆ. ಮೊದಲ ಸುತ್ತಿಗೆ ನಾಲ್ಕು ಹೋದರೆ ಎರಡನೇ ಸುತ್ತಿಗೆ ಯಾರದಾದರೂ ಕೈ ಖಾಲಿ ಇರುವ ಸಂಭವ ಹೆಚ್ಚು. ಜೊತೆಗಾರರ ಗುಲಾಮ ಮೇಜಿನ ಮೇಲಿರುವಾಗ 9 ಕೊಟ್ಟುಬಿಡುವುದೇ ಲಾಭ.

ಎರಡನೇ ಸುತ್ತಿಗೆ ದಕ್ಷಿಣ ಕ್ಲಾವರ್ 8 ಇಳಿಸಿ ಜೊತೆಗಾರರನ್ನು ನಂಬಿದರು. ಪೂರ್ವ ರಾಣಿ, ಉತ್ತರ ಗುಲಾಮ, ಪಶ್ಚಿಮ 7. ಮೂರು ಅಂಕ, ಒಟ್ಟು 8. ಈಗ ಇಳಿಸುವ ಸರದಿ ಉತ್ತರದವರದು. ಅವರು ಡೈಮನ್ ರಾಜ ಇಳಿಸಿದರು. ಪಶ್ಚಿಮದವರ ಬಳಿ ಡೈಮನ್ ಎಕ್ಕ ಇತ್ತು. ಗುಲಾಮ, 9 ಎರಡೂ ಹೋಗಿರುವುದರಿಂದ ಅದೇ ದೊಡ್ಡದೆಂದು ಹಾಕಿದರು. ಲೆಕ್ಕ ಸರಿಯೇ. ಆದರೆ ದಕ್ಷಿಣದವರ ಕೈಯಲ್ಲಿ ಡೈಮನ್ ಮುಗಿದಿತ್ತು. ಅವರು ತಾವೇ ತುರುಪು ತೆರೆದು ಇಸ್ಪೀಟ್ 9 ಹಾಕಿದರು. ಪೂರ್ವ ಡೈಮನ್ ರಾಣಿ ಹಾಕಬೇಕಾಯಿತು. 7 ಸಾಕಾಗುತ್ತಿದ್ದಲ್ಲಿ 9 ಏಕೆ? ಇಸ್ಪೀಟ್ ಗುಲಾಮ ತಮ್ಮಲ್ಲೇ ಇರುವುದರಿಂದ ಆ 9 ಅನ್ನು ಯಾರೂ ಹೊಡೆಯಲಾರರು, ಅದರ 2 ಅಂಕ ಖಾತ್ರಿಯಾಗಿ ಮನೆ ಸೇರಿತು. 7 ಹಾಕಿದ್ದು, ಪೂರ್ವದವರ ಕೈಯಲ್ಲೂ ಡೈಮನ್ ಇಲ್ಲದಿದ್ದರೆ ಸುತ್ತೇ ಹೋಗುತ್ತಿತ್ತು. ಮೂರು ಅಂಕ, ಒಟ್ಟು 11.

ತುರುಪು ತೆರೆದಾಯಿತು, ಇನ್ನು ತಡೆಯಿಲ್ಲ. ಇಸ್ಪೀಟ್ ಗುಲಾಮ ಇಳಿಯಿತು. ಪೂರ್ವ ರಾಜ, ಉತ್ತರ 10, ಪಶ್ಚಿಮ 8. ನಾಲ್ಕು ಅಂಕ, ಒಟ್ಟು 15. ಬೇಕಿರುವುದು ಇನ್ನೊಂದೇ ಅಂಕ. ದಕ್ಷಿಣದವರ ಕೈಯಲ್ಲಿ ಆಟೀನ್ ಎಕ್ಕ ಇದೆ, ಅದನ್ನೇ ಇಳಿಸಿದರೆ? ಆಟೀನ್ ಗುಲಾಮ ಮತ್ತು 9 ಇನ್ನೂ ಹೊರಗೆ ಬಂದಿಲ್ಲ. ಎಕ್ಕ ಸಿಕ್ಕಿಬಿದ್ದರೆ ಅಂಕ ಎದುರಾಳಿಗೆ. ಅವರು ಆಟೀನ್ 8 ಇಳಿಸಿದರು. ಪೂರ್ವ 7, ಉತ್ತರ ಗುಲಾಮ, ಪಶ್ಚಿಮ ರಾಣಿ. ಒಟ್ಟು 18, ಕೂಗು ದಾಟಿತು. ಒಂದುವೇಳೆ ಗುಲಾಮ ಎದುರಾಳಿಯ ಬಳಿ ಇದ್ದಿದ್ದರೂ ಹೋಗುತ್ತಿದ್ದದ್ದು ಒಂದು ಬರೀ 8, ಎಕ್ಕ ಕೈಯಲ್ಲೇ ಇರುತ್ತಿತ್ತು.

ಲೆಕ್ಕ ಬರೆಯಲು ಕಾಗದವೇ ಬೇಡ. ತೆಗೆದಿಟ್ಟ ಎಲೆಗಳಲ್ಲಿ ನಾಲ್ಕು ಆರುಗಳಿವೆ, ಎರಡು ಕೆಂಪು, ಎರಡು ಕಪ್ಪು. ಒಂದೊಂದು ಜೋಡಿಗೆ ಒಂದು ಕೆಂಪು, ಒಂದು ಕಪ್ಪು ಕೊಡಿ. ಗೆದ್ದ ಪಾಯಿಂಟ್‌ಗಳಷ್ಟು ಕೆಂಪು ಚಿಹ್ನೆ ಕಾಣುವಂತೆ, ಸಾಲ ಇದ್ದರೆ ಅಷ್ಟು ಕಪ್ಪು ಚಿಹ್ನೆ ಕಾಣುವಂತೆ ಇನ್ನೊಂದು ಎಲೆಯನ್ನು ಕವುಚಿ ಅದರ ಮೇಲೆ ಸರಿಸಿ. 20ಕ್ಕಿಂತ ಕೆಳಗಿನ ಕೂಗು ಗೆದ್ದರೆ 1 ಪಾಯಿಂಟ್ ಏರಿಕೆ, ಸೋತರೆ 1 ಇಳಿಕೆ. 20 ಮತ್ತು ಮೇಲಿನದಕ್ಕೆ 2. ಯಾರದಾದರೂ ಆರೂ ಕೆಂಪು ಅಥವಾ ಆರೂ ಕಪ್ಪು ಕಂಡಾಗ ಆಟ ಮುಗಿಯಿತು. ಸೋತಾಗ ಇನ್ನೂ ಒಂದು ಪಾಯಿಂಟ್ ಹೆಚ್ಚಿಗೆ ಕಳೆಯುವವರೂ ಇದ್ದಾರೆ, ಅದರಿಂದ ಅತಿ ಕೂಗು ಹತೋಟಿಗೆ ಬರುತ್ತದೆ. ಹೊಸಬರ ಗುಂಪಿನಲ್ಲಿ ಅದು ಬೇಡ, ಹೆದರಿ ಯಾರೂ 15 ದಾಟುವುದಿಲ್ಲ.

ತುರುಪಿನ ರಾಜ ಮತ್ತು ರಾಣಿ ಒಬ್ಬರ ಕೈಯಲ್ಲೇ ಇದ್ದರೆ ತೋರಿಸುವ ಪದ್ಧತಿ ಬಹಳ ಕಡೆ ಇದೆ. ತುರುಪು ತೆರೆದ ಮೇಲೆ, ತಮ್ಮ ಜೋಡಿ ಒಂದು ಸುತ್ತು ಗೆದ್ದ ನಂತರ ತೋರಿಸಬೇಕು. ಕೂಗಿದ ಜೋಡಿ ತೋರಿಸಿದರೆ ಅವರ ಗುರಿ 4 ಕಡಿಮೆ, ಎದುರಾಳಿ ತೋರಿಸಿದರೆ 4 ಹೆಚ್ಚು. ಮೊದಲ ನಾಲ್ಕೈದು ಆಟಗಳಿಗೆ ಇದನ್ನು ಬಿಟ್ಟು ಆಡಿ. ಗುರಿ ನಡುವೆ ಬದಲಾದರೆ ಹೊಸಬರಿಗೆ ಅಂಕ ಎಣಿಸುವುದು ಕಷ್ಟ.

ಜಗಳವಾಗುವ ಜಾಗಗಳು ಯಾವಾಗಲೂ ಅವೇ. ಅತಿ ದೊಡ್ಡದು ಜಾತಿ ಕೈಯಲ್ಲಿದ್ದೂ ಇಲ್ಲವೆಂದು ಬೇರೆ ಎಲೆ ಹಾಕುವುದು. ಬೇಕೆಂದು ಮಾಡುವವರು ಕಡಿಮೆ. ಡೈಮನ್ ಮತ್ತು ಆಟೀನ್ ಎರಡೂ ಕೆಂಪು, ಒತ್ತಾಗಿ ಹಿಡಿದಾಗ ಒಂದರ ಹಿಂದೆ ಒಂದು ಅಡಗಿರುತ್ತದೆ. ಕೈಯಲ್ಲಿ ಎಲೆ ಜೋಡಿಸುವಾಗ ಕೆಂಪು, ಕಪ್ಪು, ಕೆಂಪು, ಕಪ್ಪು ಎಂದು ಹಿಡಿದರೆ ಈ ತಪ್ಪು ಮುಕ್ಕಾಲು ಪಾಲು ನಿಲ್ಲುತ್ತದೆ. ಗೆದ್ದ ಸುತ್ತುಗಳನ್ನು ಕಲಸದೆ ಒಂದರ ಮೇಲೊಂದು ಅಡ್ಡಡ್ಡ ಇಡಿ, ಅನುಮಾನ ಬಂದರೆ ಹಿಂದಕ್ಕೆ ತಿರುವಿ ನೋಡಬಹುದು. ತಪ್ಪು ಸಾಬೀತಾದರೆ ಆ ಆಟ ಆ ಜೋಡಿಗೆ ಸೋಲು, ಚರ್ಚೆ ಬೇಡ. ಎರಡನೆಯದು, ಕೊನೆಯ ಸುತ್ತಿನವರೆಗೂ ಯಾರೂ ತುರುಪು ಕೇಳದಿದ್ದರೆ ಮುಚ್ಚಿಟ್ಟ ಎಲೆಗೆ ಆಗ ಬಲ ಉಂಟೋ ಇಲ್ಲವೋ. ಎರಡೂ ರೀತಿ ಆಡುತ್ತಾರೆ, ಮೊದಲೇ ತೀರ್ಮಾನಿಸಿ. ಮೂರನೆಯದು ಸನ್ನೆ. ಕೂಗಿನ ಅಂಕ ಮತ್ತು ಹಾಕಿದ ಎಲೆ, ಇವೆರಡು ಬಿಟ್ಟು ಜೊತೆಗಾರರಿಗೆ ಬೇರೆ ಯಾವ ಮಾತೂ ಹೋಗಬಾರದು. ಗಂಟಲು ಸರಿಮಾಡಿಕೊಳ್ಳುವುದು, "ಅಯ್ಯೋ" ಎನ್ನುವುದು, ಎಲೆಯನ್ನು ಜೋರಾಗಿ ಬಡಿಯುವುದು ಎಲ್ಲವೂ ಮಾತೇ. ಗುಟ್ಟೇ ಬಂಡವಾಳವಾದ ಆಟದಲ್ಲಿ ಇದನ್ನು ಸಹಿಸಿದರೆ ಆಟ ಸತ್ತಂತೆ.

ಕಲಸುವ ಬಗ್ಗೆಯೂ ಎರಡು ಮಾತು. ಈ ಆಟದಲ್ಲಿ ಒಂದೊಂದು ಸುತ್ತಿಗೂ ಒಂದೇ ಜಾತಿಯ ನಾಲ್ಕು ಎಲೆ ಒಟ್ಟಿಗೆ ಬೀಳುತ್ತವೆ, ಮುಂದಿನ ಸಲ ನಾಲ್ಕು ನಾಲ್ಕಾಗಿ ಹಂಚುತ್ತೀರಿ. ಅರೆಬರೆ ಕಲಸಿದರೆ ಒಬ್ಬರಿಗೇ ಒಂದು ಜಾತಿಯ ನಾಲ್ಕೂ ಹೋಗಿ ಬೀಳುತ್ತದೆ, ಆಟ ಹಂಚುವಾಗಲೇ ಮುಗಿದಿರುತ್ತದೆ. 52 ಎಲೆಗಳ ಕಟ್ಟು ಚೆನ್ನಾಗಿ ಬೆರೆಯಲು ಎರಡು ಭಾಗ ಮಾಡಿ ಒಂದರೊಳಗೊಂದು ಸೇರಿಸುವ ಕಲಸಾಟ ಏಳು ಸಲ ಬೇಕೆಂದು ಡೇವ್ ಬೇಯರ್ ಮತ್ತು ಪರ್ಸಿ ಡಯಾಕೊನಿಸ್ ಎಂಬ ಗಣಿತಜ್ಞರು 1992ರಲ್ಲಿ ತೋರಿಸಿದರು. ಕೈಯಲ್ಲಿ ಹಿಡಿದು ಮೇಲಿನದನ್ನು ಕೆಳಗೆ ಹಾಕುತ್ತಾ ಹೋಗುವ ನಮ್ಮ ರೂಢಿಯ ರೀತಿ ಇದಕ್ಕಿಂತ ತುಂಬಾ ನಿಧಾನವಾಗಿ ಬೆರೆಸುತ್ತದೆ. ಒಂದರೊಳಗೊಂದು ಸೇರಿಸುವುದು ಬಾರದಿದ್ದರೆ ಎಲ್ಲವನ್ನೂ ಮೇಜಿನ ಮೇಲೆ ಕವುಚಿ ಹರಡಿ ಎರಡೂ ಅಂಗೈಯಿಂದ ಅರ್ಧ ನಿಮಿಷ ತಿರುಗಿಸಿ ಒಟ್ಟು ಮಾಡಿ. ದುಂಡನೆಯ ಗಂಜೀಫಾ ಎಲೆಗಳನ್ನು ಬಟ್ಟೆಯ ಮೇಲೆ ಹರಡಿ ಹೀಗೇ ಕಲಸುತ್ತಿದ್ದರು. ಮಳೆಗಾಲದಲ್ಲಿ ಕಾಗದದ ಎಲೆ ತೇವ ಹೀರಿ ಉಬ್ಬಿ ಒಂದಕ್ಕೊಂದು ಅಂಟುತ್ತದೆ, ಹಂಚುವಾಗ ಎರಡೆರಡು ಹೋಗುತ್ತವೆ. ಪ್ಲಾಸ್ಟಿಕ್ ಎಲೆಯೇ ವಾಸಿ, ಕೊಳೆಯಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು. ಒಂದು ಎಲೆಯ ಮೂಲೆ ಮಡಚಿಕೊಂಡರೂ ಆ ಕಟ್ಟನ್ನು ಈ ಆಟಕ್ಕೆ ಬಳಸಬೇಡಿ. ಗುರುತಾದ ಎಲೆ ಮುಚ್ಚಿಟ್ಟ ತುರುಪಾದರೆ ಇನ್ನು ಊಹಿಸಲು ಏನೂ ಉಳಿಯುವುದಿಲ್ಲ.

ನಾಲ್ವರಲ್ಲಿ ಒಬ್ಬರು ಬರಲಿಲ್ಲವೆಂದು ಆಟ ಬಿಡಬೇಕಿಲ್ಲ. 7 ಮತ್ತು 8 ತೆಗೆದುಬಿಡಿ, 24 ಎಲೆ ಉಳಿಯುತ್ತವೆ, ಮೂವರಿಗೂ ಎಂಟೆಂಟು. ಅಂಕ 28 ಹಾಗೇ ಇರುತ್ತದೆ. ಕೂಗಿದವರು ಒಬ್ಬರೇ, ಉಳಿದಿಬ್ಬರು ಸೇರಿ ಎದುರಾಳಿ. ಜೊತೆಗಾರರಿಲ್ಲದೆ 16 ಗೆಲ್ಲುವುದು ನಾಲ್ವರ ಆಟದಲ್ಲಿ 19 ಗೆದ್ದಷ್ಟೇ ಕಷ್ಟ, ಆದ್ದರಿಂದ ಕೈಗೆ ಬಂದದ್ದಕ್ಕಿಂತ ಒಂದೆರಡು ತಗ್ಗಿಸಿಯೇ ಕೂಗಿ. ಆರು ಜನ ಆದರೆ 56. ಎರಡು ಕಟ್ಟುಗಳಿಂದ ಗುಲಾಮ, 9, ಎಕ್ಕ, 10, ರಾಜ, ರಾಣಿ ಮಾತ್ರ ಆರಿಸಿದರೆ 48 ಎಲೆ, ಮತ್ತೆ ಎಲ್ಲರಿಗೂ ಎಂಟು. ಮೂವರು ಒಂದು ಕಡೆ, ಮೂವರು ಇನ್ನೊಂದು ಕಡೆ, ಒಬ್ಬರು ಬಿಟ್ಟು ಒಬ್ಬರು ಕೂರಬೇಕು.

ಐದು ಜನ ಇದ್ದಾಗ ಮಾತ್ರ ಈ ಕುಟುಂಬದ ಆಟಗಳು ಒಗ್ಗುವುದಿಲ್ಲ. ಆಗ ಜಡ್ಜ್‌ಮೆಂಟ್ ಆಡಿ. ಇಡೀ 52 ಎಲೆ, ಎಕ್ಕ ದೊಡ್ಡದು. ಮೊದಲ ಹಂಚಿಕೆಯಲ್ಲಿ ಹತ್ತತ್ತು ಎಲೆ, ಆಮೇಲೆ ಒಂಬತ್ತು, ಎಂಟು, ಹೀಗೆ ಒಂದರವರೆಗೆ. ಒಟ್ಟು 55 ಸುತ್ತು. ತುರುಪು ಪ್ರತಿ ಹಂಚಿಕೆಗೂ ಸರದಿಯ ಪ್ರಕಾರ ಬದಲಾಗುತ್ತದೆ: ಇಸ್ಪೀಟ್, ಡೈಮನ್, ಕ್ಲಾವರ್, ಆಟೀನ್. ಎಲೆ ನೋಡಿ ಎಷ್ಟು ಸುತ್ತು ಗೆಲ್ಲುತ್ತೀರಿ ಎಂದು ಹೇಳಬೇಕು, ಸರಿಯಾಗಿ ಅಷ್ಟೇ ಗೆದ್ದರೆ 10ರ ಜೊತೆ ಆ ಸಂಖ್ಯೆ, ಒಂದು ಹೆಚ್ಚಾದರೂ ಕಡಿಮೆಯಾದರೂ ಸೊನ್ನೆ. ಹಂಚಿದವರು ಕೊನೆಗೆ ಹೇಳುತ್ತಾರೆ, ಎಲ್ಲರ ಮಾತಿನ ಮೊತ್ತ ಆ ಹಂಚಿಕೆಯ ಎಲೆಗಳ ಸಂಖ್ಯೆಗೆ ಸಮನಾಗದಂತೆ ಅವರು ಹೇಳಬೇಕು. ಈ ಒಂದು ನಿಯಮ ಬಿಟ್ಟರೆ ಎಲ್ಲರೂ ಗೆಲ್ಲುವ ಸಪ್ಪೆ ಹಂಚಿಕೆಗಳು ಬರುತ್ತವೆ, ಇದ್ದರೆ ಪ್ರತಿ ಸಲವೂ ಒಬ್ಬರಾದರೂ ತಪ್ಪಲೇಬೇಕು. ಬರೆಯುವ ಕೆಲಸವನ್ನು ಒಬ್ಬರಿಗೇ ವಹಿಸಿ, ಮೊದಲ ಎಲೆ ಬೀಳುವ ಮುನ್ನ ಐವರ ಸಂಖ್ಯೆಯನ್ನೂ ಅವರು ಒಮ್ಮೆ ಗಟ್ಟಿಯಾಗಿ ಓದಲಿ.